ಡೆನ್ಮಾರ್ಕಿನ ನೀಲಿ, ಕಿನ್ನಿಗೋಳಿಯ ನೀಲಿ

ಗೊಬ್ಬರದಿಂದ ಹಾರಿಹೋಗುವ ಸಾರಜನಕ ನೀಲಿ ಹೊಗೆಯಾಗಿ ಕಣ್ಣಿಗೆ ಕಾಣತೊಡಗಿದ ಮೇಲೆ ಯಾರ ಹಂದಿಗೂಡೂ ಗುಟ್ಟಾಗಿ ಉಳಿದಿರಲಿಲ್ಲ. ಎರಡು ದೇಶಗಳ ಒಪ್ಪಂದದಂತೆ, ಡೆನ್ಮಾರ್ಕಿನ ಗೊಬ್ಬರಗುಂಡಿಯ ನೀಲಿಗಿಂತ ಎತ್ತರಕ್ಕೆ ಇಲ್ಲಿಯ ನೀಲಿ ಎದ್ದರೆ ಗೂಡಿಗೆ ಬೀಗ. ಅಂದು ಅಳತೆಯ ದಿನ; ಹಂದಿ ಸಾಕುವ ಕಿನ್ನಿಗೋಳಿಯ ಸೆವ್ರಿನ್ ಬಾಯಿ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಅಳೆಯಲು ಬಂದ ವಾರಿಜಾ ಗುಂಡಿಯ ಅಂಚಿಗೆ ಕೋಲು ಊರಿ, ಕೈಯಲ್ಲಿದ್ದ ಫೋನಿನ ಪರದೆಯಲ್ಲಿ ಡೆನ್ಮಾರ್ಕಿನ ಗುಂಡಿಯನ್ನು ತೋರಿಸಿದಳು. ನೀಲಿ ತಗ್ಗಿಸಲೆಂದು ಆಮ್ಲ ಬೆರೆಸಿದ ಆ ಗೊಬ್ಬರದ ಮೇಲೆ ಮೊಣಕಾಲೆತ್ತರದ ನೀಲಿ ಇತ್ತು.

"ಅಲ್ಲಿ ಚಳಿ ಉಂಟು ಬಾಯಮ್ಮ. ಇಲ್ಲಿಯ ಸೆಕೆಗೆ ಸೊಂಟದವರೆಗೆ ಏಳ್ತದೆ. ಬೇಜಾರು ಮಾಡ್ಬೇಡಿ."

"ಮೊದಲು ಮುಚ್ಚಳ ತೆಗಿ ಮಾರಾಯ್ತಿ. ಬೇಜಾರು ಆಮೇಲೆ ಮಾಡುವ."

ಮುಚ್ಚಳ ಸರಿಸಿದಾಗ ನೀಲಿ ಅವರ ಪಾದ ಮುಚ್ಚುವಷ್ಟು ಎದ್ದು ಅಲ್ಲೇ ನಿಂತಿತು. ವಾರಿಜಾ ಕೋಲನ್ನು ಎರಡು ಸಲ ಒರೆಸಿ ನೋಡಿದಳು.

"ಎಂಥ ಹಾಕಿದ್ದೀರಿ ಇದಕ್ಕೆ?"

ಹಂದಿಮಾಂಸದ ಅಡುಗೆಗೆಂದು ಸೆವ್ರಿನ್ ಬಾಯಿ ಶೇಂದಿಯಿಂದ ಮಾಡುತ್ತಿದ್ದ ವಿನೆಗರ್ ಯಾವಾಗಲೂ ವಿಪರೀತ ಹುಳಿಯಾಗುತ್ತಿತ್ತು. "ಇವಳ ಕೈಯೇ ಹುಳಿ" ಎಂದು ಅತ್ತೆ ನೆಂಟರೆದುರು ನಗುತ್ತಿದ್ದರು. ಆ ನಗುವಿಗೆ ಹೆದರಿ ಇಪ್ಪತ್ತು ವರ್ಷ ಅವಳು ಕೆಟ್ಟ ವಿನೆಗರನ್ನೆಲ್ಲ ಭರಣಿಗಟ್ಟಲೆ, ಯಾರಿಗೂ ಕಾಣದಂತೆ, ಈ ಗುಂಡಿಗೆ ಸುರಿದಿದ್ದಳು.

"ವಿನೆಗರ್" ಎಂದಳು ಕೊನೆಗೆ. "ನಾನೇ ಮಾಡಿದ್ದು."

"ಇದನ್ನು ಮಾಡುವ ಕ್ರಮ ಡೆನ್ಮಾರ್ಕಿನವರು ಕೇಳ್ತಾರೆ. ಎಂಥ ಬರೀಲಿ?"

ಸೆವ್ರಿನ್ ಬಾಯಿ ಅಭ್ಯಾಸದಂತೆ ಅಂಗೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲು ಹೋದವಳು ಅವನ್ನು ಹಾಗೇ ತೆರೆದಿಟ್ಟಳು.

"ಕೈ ಹುಳಿ ಇರ್ಬೇಕು ಅಂತ ಬರಿ."