ಮಂಗಳವಾರದ ಕ್ಷೌರ

ಶ್ರೇಯಸ್‌ನ ಜುಟ್ಟು ಅಜ್ಜಿಯ ಎಡಗೈಯಲ್ಲಿತ್ತು, ಬಲಗೈಯಲ್ಲಿ ಕತ್ತರಿ. ರಘುನಂದನ ಓಡಿ ಬಂದು ತಾಯಿಯ ಕೈ ಹಿಡಿಯುವಷ್ಟರಲ್ಲಿ ಅರ್ಧ ಕೂದಲು ನೆಲಕ್ಕೆ ಬಿದ್ದಿತ್ತು. ಮಗನ ಕಿವಿಯಿಂದ ರಕ್ತ ಇಳಿಯುತ್ತಿತ್ತು.

“ಪಾಪಾ, ದೇಖೋ! ಅಜ್ಜಿ ನನ್ನ ಕಿವೀನೇ ಕಟ್ ಮಾಡಿಬಿಟ್ರು!”

ಹೌಜ್ ಖಾಸ್‌ನ ಹಾಸ್ಟೆಲಿನಿಂದ ರಜೆಗೆ ಬಂದ ಹುಡುಗ. ವರ್ಷವಿಡೀ ಕೂದಲು ಬೆಳೆಸಿ ನೆತ್ತಿಯ ಮೇಲೆ ಗಂಟು ಹಾಕಿಕೊಂಡಿದ್ದ, ಈಗಿನವರ ಶೋಕಿ. ದೆಹಲಿಯ ಪೀತಮ್‌ಪುರದ ಆ ಬೀದಿಯಲ್ಲಿ ಬೆಳಗಿನಿಂದ ಚುನಾವಣೆಯ ಮೆರವಣಿಗೆ. ಘೋಷಣೆಗಳ ಸದ್ದು ಹತ್ತಿರವಾದಂತೆ ಅಜ್ಜಿ ವಿಜಯಮ್ಮ ಕತ್ತರಿ ಹುಡುಕಿದ್ದಳು.

ಎಂಬತ್ತು ದಾಟಿದ ಮುದುಕಿಗೆ ಮರೆವಿನ ಕಾಯಿಲೆ. 1984ರ ದೆಹಲಿ ಗಲಭೆಯ ಹೊತ್ತಿಗೆ ಮನೆಯವರೆಲ್ಲ ಯಮುನೆಯಾಚೆ ಇದ್ದರು. ಆಗ ಕಂಡದ್ದು ಈಗ ಮೇಲೆದ್ದು ಬರುತ್ತಿದೆ ಎಂದು ಡಾಕ್ಟರು ಹೇಳಿದ್ದರು. ರಘುನಂದನನಿಗೆ ಆಗ ನಾಲ್ಕು ವರ್ಷ. ಅವನಿಗೆ ಏನೂ ನೆನಪಿಲ್ಲ.

ಕ್ಷೌರದ ಹುಚ್ಚು ಮಾತ್ರ ಅಮ್ಮನಿಗೆ ಹಳೆಯದು. ಮಡಿ, ಏಕಾದಶಿ ಎಂದು ಎಲ್ಲರ ಜೀವ ತಿನ್ನುವ ಹೆಂಗಸು, ಮಗನ ಕೂದಲು ಕಿವಿ ಮುಟ್ಟಿದರೆ ಮಂಗಳವಾರವನ್ನೂ ನೋಡುತ್ತಿರಲಿಲ್ಲ. ಅಂದು ದೆಹಲಿಯ ಕ್ಷೌರದಂಗಡಿಗಳೇ ಮುಚ್ಚಿರುತ್ತವೆ. ತಾನೇ ಕೂರಿಸಿಕೊಂಡು ಕತ್ತರಿಸುತ್ತಿದ್ದಳು. “ಶಾಸ್ತ್ರಕ್ಕಿಂತ ಹೇನಿನ ಭಯ ದೊಡ್ಡದು ಕಣೋ” ಎಂದು ಅಪ್ಪ ದಕ್ಷಿಣಾಮೂರ್ತಿ ನಗುತ್ತಿದ್ದರು.

“ಇವತ್ತೇ ಅವರನ್ನ ಎಲ್ಲಾದರೂ ಸೇರಿಸಿ. ಇಲ್ಲಾಂದ್ರೆ ಮಗನ್ನ ಕರ್ಕೊಂಡು ನಾನೇ ಹೊರಡ್ತೀನಿ” ಎಂದಳು ಹೆಂಡತಿ ಹಂಸಾ. ಅವಳದೂ ತಪ್ಪಲ್ಲ. ಇಂದು ಕಿವಿ, ನಾಳೆ ಕಣ್ಣು.

ರಘುನಂದನ ಫರೀದಾಬಾದಿನ ಆರೈಕೆ ಕೇಂದ್ರವೊಂದಕ್ಕೆ ಫೋನ್ ಮಾಡಿದ. ಅಲ್ಲಿಗೆ ಹೋದವರು ಮನೆಗೆ ಮರಳಿದ್ದು ಅವನು ಕೇಳಿರಲಿಲ್ಲ. ಮಧ್ಯಾಹ್ನ ಗಾಡಿ ಬಂದು ಕೆಳಗೆ ನಿಂತಿತು. ಹೆತ್ತ ತಾಯಿಯನ್ನು ಹೊರಗೆ ಹಾಕುತ್ತಿದ್ದೇನಲ್ಲ ಎಂದುಕೊಳ್ಳುತ್ತಲೇ ಅವಳ ಬಟ್ಟೆಗಳನ್ನು ಚೀಲಕ್ಕೆ ತುಂಬಿದ.

ಶಾಲು ಹಿಡಿದು ಒಳಗೆ ಹೋದ. ವಿಜಯಮ್ಮ ಮಂಚದ ಮರೆಯಲ್ಲಿ ಕುಕ್ಕುರುಗಾಲಿನಲ್ಲಿ ಕೂತಿದ್ದಳು.

“ರೀ, ಬೇಗ ಚಿಲಕ ಹಾಕಿ” ಎಂದು ಪಿಸುಗುಟ್ಟಿದಳು.

ತನ್ನನ್ನು ತೀರಿಹೋದ ಅಪ್ಪನೆಂದುಕೊಂಡಿದ್ದಾಳೆ. ಫೋನ್ ಬಡಿದುಕೊಂಡಿತು, ಕೆಳಗಿನ ಡ್ರೈವರ್. ರಘುನಂದನ ಅದರ ಬಾಯಿ ಮುಚ್ಚಿಸಿ ಚಿಲಕ ಹಾಕಿದ. ಹೋಗುವ ಮುಂಚೆ ಅಮ್ಮನ ಮನಸ್ಸಿಗೆ ಅಷ್ಟಾದರೂ ಸಮಾಧಾನವಾಗಲಿ.

“ಹಾಕಿದೆ. ಇನ್ನು ಯಾರೂ ಬರಲ್ಲ.”

ವಿಜಯಮ್ಮ ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ಪಕ್ಕದ್ಮನೆ ಸರ್ದಾರರನ್ನ ಒಬ್ಬರನ್ನೂ ಬಿಡಲಿಲ್ಲ ಕಣ್ರೀ, ಅವರ ಮಗು ಒಂದೇ ನಮ್ಮ ಹತ್ರ ಉಳೀತು. ಯಾರು ಕೇಳಿದ್ರೂ ನಮ್ಮ ಮಗ, ಹೆಸರು ರಘುನಂದನ ಅಂತ ಹೇಳಿಬಿಡಿ.”