ಎಡಗಡೆ ಎಂಜಿನ್ನಿನ ಚಾಡಿ

ವಿಮಾನ ಹಾರುವ ಮುನ್ನ ಎಂಜಿನ್ನುಗಳನ್ನು ಮಾತನಾಡಿಸದೆ ಯಾರೂ ತಪಾಸಣೆ ಪತ್ರಕ್ಕೆ ಸಹಿ ಹಾಕುವಂತಿಲ್ಲ. ಎಂಜಿನಿಯರ್ ದಾಕ್ಷಾಯಣಿ ಬಲಗಡೆಯದರ ಮುಂದೆ ನಿಂತು, "ಹೇಗಿದ್ದೀಯಪ್ಪ?" ಎಂದಳು.

"ಗುಂಡುಕಲ್ಲಿನ ಹಾಗಿದ್ದೀನಿ, ಮೇಡಂ."

"ಕೇಳಿದಿರಲ್ಲ? ಜನ ಹತ್ತಿ ಕೂತಿದ್ದಾರೆ, ಬೇಗ ಸಹಿ ಹಾಕಿ," ಎಂದರು ಮ್ಯಾನೇಜರ್ ಉಚ್ಚಿಲ್.

ದಾಕ್ಷಾಯಣಿಗೆ ಅನುಭವವಿತ್ತು. ಒಂದು ಎಂಜಿನ್ನಿನ ಆರೋಗ್ಯವನ್ನು ಪಕ್ಕದ ಎಂಜಿನ್ನಿನ ಹತ್ತಿರವೇ ಕೇಳಬೇಕು. ಎಡಗಡೆಗೆ ನಡೆದಳು.

"ನಾನು ಹೇಳಿದೆ ಅನ್ನಬೇಡಿ," ಎಡಗಡೆಯದು ಪಿಸುಗುಟ್ಟಿತು. "ಬೆಳಿಗ್ಗೆ ಅವನು ಹದ್ದು ನುಂಗಿದ. ಎರಡು ಬ್ಲೇಡು ಸೊಟ್ಟಗಾಗಿವೆ."

"ಲೇ ಚಾಡಿಕೋರ!" ಬಲಗಡೆಯದು ಗುಡುಗಿತು. "ಮಂಗಳವಾರದಿಂದ ನಿನ್ನ ಆಯಿಲ್ ಸೋರುತ್ತಿದೆ, ನಾನು ಯಾರಿಗಾದರೂ ಹೇಳಿದೆನಾ?"

ದಾಕ್ಷಾಯಣಿ ಪೆನ್ನನ್ನು ಜೇಬಿಗಿಟ್ಟು ಮ್ಯಾನೇಜರ್ ಕಡೆ ತಿರುಗಿದಳು.

"ನನಗೂ ಈಗಲೇ ಗೊತ್ತಾಗಿದ್ದು, ಮೇಡಂ," ಎಂದರು ಉಚ್ಚಿಲ್.

ಜಗಳ ಮರೆತ ಎಂಜಿನ್ನುಗಳು ಒಂದೇ ದನಿಯಲ್ಲಿ ಕೇಳಿದವು: "ಬಾಯಿ ಬಿಡಬೇಡಿ ಅಂದಿದ್ದು ನೀವೇ ಅಲ್ವಾ, ಸಾರ್?"