ಚುಕ್ಕಿ ಬಿಟ್ಟ ಬೋರ್ಡು

"ಇದೇನೋ ಬರೆದಿಟ್ಟಿದ್ದೀಯ? ಓದು, ನಿನ್ನ ಬಾಯಿಂದಲೇ ಕೇಳೋಣ" ಎಂದರು ಮೇಷ್ಟ್ರು, ಗ್ರಂಥಾಲಯದ ಬಾಗಿಲ ಮೇಲಿನ ಹೊಸ ಬೋರ್ಡನ್ನು ಕೊಡೆಯ ತುದಿಯಿಂದ ತೋರಿಸುತ್ತಾ. ಮಧ್ಯಾಹ್ನವೇ ಅದನ್ನು ಮೇಲೇರಿಸಿ, ಹೊಗಳಿಸಿಕೊಳ್ಳಲು ಏಣಿಯ ಪಕ್ಕ ಕಾದು ನಿಂತಿದ್ದ ಭಾವಮೈದನ ಮುಖ ಸಣ್ಣದಾಯಿತು.

"ಬದುಕಿನ ಅರ್ಧ. ಮಾತುಕತೆ. ಇಂದು ಸಂಜೆ ಐದಕ್ಕೆ. ಎಲ್ಲರಿಗೂ..." ಓದುತ್ತಿದ್ದವನು ನಾಲಿಗೆ ಕಚ್ಚಿಕೊಂಡ. "ಅಯ್ಯೋ, 'ಥ'ದ ಹೊಟ್ಟೆಯ ಚುಕ್ಕಿ! ಬಣ್ಣ ಒಣಗಲಿ, ಆಮೇಲೆ ಇಡೋಣ ಅಂತ ಬಿಟ್ಟಿದ್ದೆ ಭಾವ. ಮರೆತೇಬಿಟ್ಟೆ."

"ಒಂದು ಚುಕ್ಕಿ ನುಂಗಿ ಅರ್ಥವನ್ನ ಅರ್ಧ ಮಾಡಿದೆಯಲ್ಲೋ! ಸುಮ್ಮನೆ ಫೇಲ್ ಮಾಡಿದ್ನಾ ಆವತ್ತು ನಿನ್ನ? ಓಡು, ಬಣ್ಣ ತಗೊಂಡು ಬಾ!"

ಭಾವಮೈದ ಅಂಗಡಿಗೆ ಓಡಿದ. ಮೇಷ್ಟ್ರಿಗೆ ಕೋಪಕ್ಕಿಂತ ಸಂಕಟವೇ ಹೆಚ್ಚಾಗಿತ್ತು. ಊರಿನ ಮಕ್ಕಳ ಬಾಯಲ್ಲಿ ಅವರು ಕೆಂಪು ಶಾಯಿ ಮೇಷ್ಟ್ರು. ತಪ್ಪಿದ ದೀರ್ಘವನ್ನೂ ಬಿಟ್ಟ ಒತ್ತನ್ನೂ ಯಾರಿಗೂ ಮಾಫಿ ಮಾಡಿದವರಲ್ಲ. ಹೆಂಡತಿ ತೀರಿಕೊಂಡ ಮೇಲೆ, ಬೆಳಿಗ್ಗೆ ಯಾಕಾದರೂ ಏಳಬೇಕು ಅನ್ನುವ ಪ್ರಶ್ನೆ ಅವರಿಗೆ ಗಂಟುಬಿದ್ದಿತ್ತು. ಜೀವನವಿಡೀ ಪದಗಳಿಗೆ ಅರ್ಥ ಹೇಳಿದವನು ಬದುಕಿನ ಅರ್ಥವನ್ನೂ ನಾಲ್ಕು ಜನರಿಗೆ ಹೇಳಲು ಹೊರಟರೆ ತನಗೂ ತಿಳಿದೀತು ಎಂದುಕೊಂಡು, ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ವಾರಕ್ಕೊಮ್ಮೆ ಕುರ್ಚಿ ಹಾಕಿಸುತ್ತಿದ್ದರು. ಇಲ್ಲಿಯವರೆಗೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಇವತ್ತೂ ಯಾರೂ ಬರದಿದ್ದರೆ ಕೋಣೆಯನ್ನು ಚೆಸ್ ಆಡುವವರಿಗೆ ಕೊಡುವುದಾಗಿ ಗ್ರಂಥಪಾಲಕಿ ಹೇಳಿಯಾಗಿತ್ತು. ಆಮೇಲೆ ಇಸ್ತ್ರಿ ಮಾಡಿದ ಅಂಗಿ ತೊಡುವುದಕ್ಕೆ ಅವರಿಗೆ ಯಾವ ಕಾರಣವೂ ಉಳಿಯುತ್ತಿರಲಿಲ್ಲ.

ಕೋಣೆಯ ಬಾಗಿಲು ತೆರೆದರೆ ಒಳಗೆ ಜನ! ಎದುರುಗಡೆಯ ಬೇಕರಿಯಾಕೆ, ತೋಳಿಗೆ ಮೆತ್ತಿದ ಹಿಟ್ಟು ಸಮೇತ ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. ಅವಳ ಹಿಂದೆ ಸಮವಸ್ತ್ರದಲ್ಲೇ ಬಂದ ಬಸ್ ಡ್ರೈವರ್, ಗೋಡೆಯ ಬದಿಗೆ ಇನ್ನಷ್ಟು ಮಂದಿ. ಮೇಷ್ಟ್ರ ಎದೆ ತುಂಬಿ ಬಂತು. ಆದರೆ ಹುಟ್ಟುಗುಣ ಸುಮ್ಮನಿರಬೇಕಲ್ಲ!

"ಮೊದಲಿಗೊಂದು ತಿದ್ದುಪಡಿ" ಎಂದರು ಗಂಟಲು ಸರಿಮಾಡಿಕೊಂಡು. "ಬೋರ್ಡಿನಲ್ಲಿ ತಪ್ಪಾಗಿದೆ. ಇವತ್ತಿನ ವಿಷಯ ಬದುಕಿನ ಅರ್ಥ. ಅರ್ಧ ಅಲ್ಲ."

ಬೇಕರಿಯಾಕೆ ಸಪ್ಪೆ ಮುಖ ಮಾಡಿಕೊಂಡು ಎದ್ದಳು. "ಓ, ಅರ್ಥಾನಾ? ಹಾಗಾದ್ರೆ ನಾನು ಬರ್ತೀನಿ ಮೇಷ್ಟ್ರೇ. ಅಷ್ಟು ದೊಡ್ಡದೆಲ್ಲ ನನ್ನ ತಲೆಗೆ ಹತ್ತಲ್ಲ. ನಮ್ಮೆಜಮಾನ್ರು ಹೋದ ಮೇಲೆ ನಾನು ಉಳಿದಿರೋದೇ ಅರ್ಧ. ಬೋರ್ಡು ನೋಡಿ, ನನ್ನಂಥೋರಿಗೇ ಏನೋ ಮಾಡಿದ್ದಾರೆ ಅಂದ್ಕೊಂಡೆ."

"ನಾನೂ ಅಷ್ಟೇ" ಎನ್ನುತ್ತಾ ಡ್ರೈವರ್ ಕೂಡ ಟೋಪಿ ಕೈಗೆತ್ತಿಕೊಂಡ. ಹಿಂದೆ ಕುರ್ಚಿಗಳು ಸರಿದ ಸದ್ದಾಯಿತು.

ಬಾಯಿಪಾಠ ಮಾಡಿಕೊಂಡು ಬಂದ ಭಾಷಣ ಮೇಷ್ಟ್ರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಹೊತ್ತಿನಲ್ಲಿ ಅವರಿಗೆ ಕೇಳಿಸಿದ್ದು ಹೆಂಡತಿಯ ನಗು. ಪೇಪರಿನ ತಪ್ಪುಗಳಿಗೆ ಅವರು ಗೆರೆ ಎಳೆಯುತ್ತಾ ಕೂತಾಗೆಲ್ಲ ಅವಳು ಛೇಡಿಸುತ್ತಿದ್ದಳು: "ಜಗತ್ತಿನ ಚುಕ್ಕಿಯೆಲ್ಲ ನೀವೇ ಇಡ್ಬೇಕಾ? ಒಂದು ಬಿಟ್ಟರೆ ಯಾರ ಗಂಟು ಹೋಗುತ್ತೆ?"

"ಕೂತ್ಕೊಳ್ಳಿ ತಾಯಿ. ಎಲ್ಲರೂ ಕೂತ್ಕೊಳ್ಳಿ" ಎಂದರು ಮೇಷ್ಟ್ರು. "ಬೋರ್ಡು ಸರಿಯಾಗೇ ಇದೆ. ತಪ್ಪು ಓದಿದ್ದು ನಾನು." ತಾವೂ ಒಂದು ಕುರ್ಚಿ ಎಳೆದುಕೊಂಡು ಅವರ ನಡುವೆ ಕೂತರು. "ಹೇಳಿ, ನಿಮ್ಮ ಇನ್ನರ್ಧ ಹೇಗಿದ್ರು?"

ಬೇಕರಿಯಾಕೆ ಸೆರಗಿನ ತುದಿ ತಿರುವಿದಳು. "ಅವ್ರಿಗೆ ಕರಕಲು ಬನ್ನೇ ಆಗ್ಬೇಕು. ಚೆನ್ನಾಗಿರೋದು ಕೊಟ್ರೆ ಮುಟ್ತಿರಲಿಲ್ಲ. ಈಗ್ಲೂ ದಿನಾ ಒಂದೆರಡು ಕರಕಲಾಗುತ್ತೆ. ಮಾರೋ ಹಾಗಿಲ್ಲ, ಎಸೆಯೋಕೆ ಕೈ ಬರಲ್ಲ. ಅದನ್ನ ಹಿಡ್ಕೊಂಡು ಸುಮ್ಮನೆ ನಿಂತಿರ್ತೀನಿ."

"ನಾಳೆಯಿಂದ ನನಗೆ ಎತ್ತಿಡಿ" ಎಂದರು ಮೇಷ್ಟ್ರು. "ಕರಕಲು ಇಷ್ಟ ಅಂತಲ್ಲ. ಬೆಳಿಗ್ಗೆ ಎದ್ದು ಹೋಗೋಕೆ ನನಗೂ ಒಂದು ಜಾಗ ಬೇಕು."

ಅವಳು ನಕ್ಕಳು. ಡ್ರೈವರ್ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು, ತನ್ನ ಸರದಿಗೆ ಮಾತು ಹುಡುಕತೊಡಗಿದ. ಅಷ್ಟರಲ್ಲಿ ಹೊರಗೆ ಏಣಿ ಗೋಡೆಗೆ ತಗುಲಿದ ಸದ್ದು ಕೇಳಿಸಿತು. ಮೇಷ್ಟ್ರು ಬಿದ್ದಂಬೀಳ ಎದ್ದು ಹೊರಗೆ ಬಂದರು.

"ಕರಿ ಬಣ್ಣ ಮುಗಿದಿತ್ತು ಭಾವ, ಕೆಂಪೇ ತಂದೆ. ಈಗ ಚುಕ್ಕಿ ಇಟ್ಟುಬಿಡ್ತೀನಿ."

"ಚುಕ್ಕಿ ಮುಟ್ಟಬೇಡ! 'ಅರ್ಧ'ಕ್ಕೆ ಮುಂಚೆ 'ಉಳಿದ' ಅಂತ ಒಂದು ಪದ ಸೇರಿಸು."

"ನಡುವೆ ಜಾಗ ಎಲ್ಲಿದೆ?"

"ಹಂಸಪಾದ ಹಾಕಿ ಮೇಲೆ ಬರಿ. ಬಿಟ್ಟುಹೋದ ಪದಕ್ಕೆ ಜಾಗ ಮಾಡೋಕೇ ಅದಿರೋದು. ಎಷ್ಟು ಸಲ ಹೇಳಿಕೊಟ್ಟಿಲ್ಲ ನಿನಗೆ?"

ಭಾವಮೈದ ಎರಡು ಪದಗಳ ಸಂದಿಯಲ್ಲಿ ಕೆಂಪು ಹಂಸಪಾದ ಎಳೆದು, ಅದರ ನೆತ್ತಿಯ ಮೇಲೆ ಪದ ಬರೆದ. ಬರೆದದ್ದನ್ನು ತಾನೇ ಮೆಲ್ಲಗೆ ಓದಿಕೊಂಡ: "ಬದುಕಿನ ಉಳಿದ ಅರ್ಧ." ಇಳಿದು ಬಂದು, ಕಣ್ಣನ್ನು ತೋಳಿಗೆ ಒರೆಸಿಕೊಳ್ಳುತ್ತಾ ಕೇಳಿದ, "ಈ ಸಲವಾದ್ರೂ ಪಾಸಾ ಭಾವ?"

"ಅದನ್ನ ಒಳಗೆ ಬಂದು ಕೇಳು" ಎಂದು ಮೇಷ್ಟ್ರು ಅವನ ಬೆನ್ನ ಮೇಲೆ ಕೈಯಿಟ್ಟರು. "ನಿಮ್ಮಕ್ಕನ ವಿಷಯ ಹೇಳೋದಿದೆ. ನನಗೆ ಗೊತ್ತಿರೋದು ಅರ್ಧವೇ."